ಪದ ಪರಿಚಯ: ಬೈಂಡಿಂಗ್

ಸಿ ಭಾಷೆಯಲ್ಲಿ ಬರೆದ ಲೈಬ್ರರಿಯೊಂದನ್ನು (ಸಿದ್ಧ ಫಂಕ್ಷನ್‌ಗಳ ಸಂಗ್ರಹವನ್ನು) ಲುವಾ, ಪೈಥಾನ್, ರೂಬಿಯಂಥ ಭಾಷೆಗಳ ವರ್ಚುವಲ್ ಮೆಷೀನಿನೊಳಗಿಂದ, ಅಂದರೆ ಆ ಭಾಷೆಯ ಕೋಡನ್ನು ನಡೆಸುವ ತಂತ್ರಾಂಶದೊಳಗಿಂದ, ಬಳಸಲು ಅನುವಾಗುವಂತೆ ನಡುವೆ ಬರೆಯುವ ಕೋಡಿಗೆ ಬೈಂಡಿಂಗ್ ಎಂದು ಹೆಸರು. ಅದನ್ನೇ ವ್ರ್ಯಾಪರ್ ಎಂದೂ ಕರೆಯುತ್ತಾರೆ. ವ್ರ್ಯಾಪರ್ ಎಂದರೆ ಹೊದಿಕೆ ಎಂದು ಅರ್ಥ ಹೇಳುವುದು ಸುಲಭವಾದರೂ, ಆ ಮಾತು ಕೆಲಸದ ಹಗುರವಾದ ಭಾಗವನ್ನಷ್ಟೇ ಸೂಚಿಸುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕಾಫಿ ಬೀಜದ ಸಿಪ್ಪೆ ತೆಗೆದು ಹಸನುಗೊಳಿಸುವ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗಾಗಿ ನಾನು ಬರೆದ ತೂಕದ ತಂತ್ರಾಂಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ತೂಕದ ಯಂತ್ರದ ಜೊತೆ ಬಂದಿದ್ದ ಲೈಬ್ರರಿ ಸಿಯಲ್ಲಿತ್ತು, ತಂತ್ರಾಂಶ ಲುವಾದಲ್ಲಿತ್ತು. ಬ್ರೆಜಿಲ್‌ನಲ್ಲಿ 1993ರಲ್ಲಿ ಹುಟ್ಟಿದ ಲುವಾದಲ್ಲಿ ಎರಡು ಕಡೆಯ ಮೌಲ್ಯಗಳು ಒಂದರ ಮೇಲೊಂದು ಪೇರಿಸಿಡುವ ಒಂದು ಸ್ಟ್ಯಾಕ್‌ನ ಮೂಲಕವೇ ಹೋಗಿಬರುತ್ತವೆ. ಲುವಾ ಕೊಟ್ಟ ಮೊದಲ ಮೌಲ್ಯ 1ನೆಯ ಸ್ಥಾನದಲ್ಲಿರುತ್ತದೆ. ವ್ರ್ಯಾಪರ್ ಅದರ ಜಾತಿಯನ್ನು (ಸಂಖ್ಯೆಯೋ ಪಠ್ಯವೋ ಎಂಬುದನ್ನು) ಪರೀಕ್ಷಿಸಿ, ಲೈಬ್ರರಿಯ ಫಂಕ್ಷನ್ನನ್ನು ಕರೆದು, ಬಂದ ತೂಕವನ್ನು ಸ್ಟ್ಯಾಕ್‌ನ ಮೇಲಿಟ್ಟು ಹಿಂದಿರುಗುತ್ತದೆ. ಚೀಲ 50.4 ಕೆಜಿ ತೂಗಿದರೂ ಫಂಕ್ಷನ್ ‘1’ ಎಂದು ಹಿಂದಿರುಗಿಸುವುದನ್ನು ಕಂಡು ಹೊಸಬರು ತಬ್ಬಿಬ್ಬಾಗುವುದುಂಟು. ಆ 1 ಸ್ಟ್ಯಾಕ್‌ನ ಮೇಲೆ ಎಷ್ಟು ಉತ್ತರಗಳಿವೆ ಎಂಬ ಎಣಿಕೆಯೇ ಹೊರತು ತೂಕವಲ್ಲ.

ಇಲ್ಲಿಯವರೆಗಿನದು ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ನಮ್ಮ ತಂತ್ರಾಂಶ ಮಾತ್ರ ಬೆಳಗಿನಿಂದ ಸರಿಯಾಗಿ ನಡೆದು, ಸಾವಿರ ಚೀಲ ದಾಟಿದ ಮೇಲೆ ನಿಂತುಬಿಡುತ್ತಿತ್ತು. ಪ್ರತಿ ಚೀಲಕ್ಕೂ ನಾನು ಯಂತ್ರದ ಸಂಪರ್ಕವನ್ನು ಹೊಸದಾಗಿ ತೆರೆಯುತ್ತಿದ್ದೆ. ಹಳೆಯದನ್ನು, ಬಳಕೆಯಲ್ಲಿಲ್ಲದ ಮೆಮೊರಿಯನ್ನು ತಾನೇ ತೆರವುಗೊಳಿಸುವ ಲುವಾದ ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತದೆ ಎಂದು ನಂಬಿದ್ದೆ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮ್ ಏಕಕಾಲಕ್ಕೆ ತೆರೆದಿಡಬಹುದಾದ ಕಡತ ಮತ್ತು ಸಂಪರ್ಕಗಳ ರೂಢಿಯ ಮಿತಿ 1024. ಕಲೆಕ್ಟರ್ ನೋಡಿಕೊಂಡಿತ್ತು, ನಿಜ. ಆದರೆ ಅದಕ್ಕೆ ಗೊತ್ತಿದ್ದದ್ದು ಪಾಯಿಂಟರ್ (ಸಿಯ ಕಡೆಯ ಮೆಮೊರಿಯ ವಿಳಾಸ) ಇಟ್ಟಿದ್ದ, ಲುವಾದ ಪುಟ್ಟ ಯೂಸರ್‌ಡೇಟಾ ಪೆಟ್ಟಿಗೆ ಮಾತ್ರ. ಆ ಪಾಯಿಂಟರ್‌ನ ಆಚೆ ಸಿಯ ಕಡೆ ಏನು ತೆರೆದುಕೊಂಡಿದೆ ಎಂಬುದು ಅದಕ್ಕೆ ಕಾಣದು. ಹಾಗಾಗಿ ಹಳೆಯ ಸಂಪರ್ಕಗಳು ತೆರೆದೇ ಉಳಿದು ಆ ಮಿತಿಯನ್ನು ಮುಟ್ಟುತ್ತಿದ್ದವು.

ಪರಿಹಾರ ಚಿಕ್ಕದು. ಪೆಟ್ಟಿಗೆ ಹೇಗೆ ವರ್ತಿಸಬೇಕೆಂದು ಹೇಳುವ ಮೆಟಾಟೇಬಲ್‌ನಲ್ಲಿ ‘ಜಿಸಿ’ (__gc) ಎಂಬ ಫಂಕ್ಷನ್ ಇಟ್ಟರೆ ಕಲೆಕ್ಟರ್ ಅದನ್ನು ಕರೆಯುತ್ತದೆ, ಅದು ಸಂಪರ್ಕವನ್ನು ಮುಚ್ಚುತ್ತದೆ. ಕಲೆಕ್ಟರ್ ಯಾವಾಗ ಬರುತ್ತದೆಂದು ಹೇಳಲಾಗದ ಕಾರಣ, ಲುವಾದಿಂದ ನೇರವಾಗಿ ಕರೆಯಬಹುದಾದ ‘ಕ್ಲೋಸ್’ ಕೂಡ ಬೇಕು. ಎರಡೂ ಸೇರಿ ಒಂದೇ ಸಂಪರ್ಕವನ್ನು ಎರಡು ಸಲ ಮುಚ್ಚದಂತೆ, ಮುಚ್ಚಿದ ಕೂಡಲೇ ಪಾಯಿಂಟರನ್ನು ನಲ್ (ಖಾಲಿ) ಮಾಡಬೇಕು.

ಆದರೆ ಎಲ್ಲ ಪಾಯಿಂಟರ್‌ಗಳಿಗೂ ಇದೇ ನಿಯಮವಲ್ಲ. ಬೆಳೆಗಾರರ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಕಾಫಿ ಬೀಜ) ಕ್ಯೂರಿಂಗ್‌ನವರ ಗೋದಾಮಿನಲ್ಲಿದ್ದರೂ ಅದು ಬೆಳೆಗಾರರದೇ ಆಗಿರುವಂತೆ, ಲೈಬ್ರರಿ ನೋಡಲೆಂದಷ್ಟೇ ಕೊಟ್ಟ ಮೆಮೊರಿ ಲೈಬ್ರರಿಯದೇ; ಅದನ್ನು ವ್ರ್ಯಾಪರ್ ಬಿಡುಗಡೆ ಮಾಡಿದರೆ ಪ್ರೋಗ್ರಾಮ್ ಕುಸಿದುಬೀಳಬಹುದು. ಇದರ ತಿರುಗುಮುರುಗೂ ಉಂಟು: ಲುವಾದ ಸ್ಟ್ರಿಂಗ್‌ನ ಪಾಯಿಂಟರನ್ನು ಲೈಬ್ರರಿ ತನ್ನಲ್ಲೇ ಇಟ್ಟುಕೊಂಡರೆ, ಕಲೆಕ್ಟರ್ ಆ ಸ್ಟ್ರಿಂಗನ್ನು (ಪಠ್ಯವನ್ನು) ಅಳಿಸಿದ ಮೇಲೆ ಲೈಬ್ರರಿ ಕಸವನ್ನು ಓದುತ್ತದೆ. ಯಾವುದು ಯಾರದು ಎಂಬುದನ್ನು ಲೈಬ್ರರಿಯ ಫಂಕ್ಷನ್‌ಗಳನ್ನು ಪಟ್ಟಿ ಮಾಡುವ ಹೆಡರ್ ಫೈಲ್ ಸಾಮಾನ್ಯವಾಗಿ ಹೇಳುವುದಿಲ್ಲ. ಕೈಪಿಡಿಯನ್ನು, ಕೆಲವೊಮ್ಮೆ ಸೋರ್ಸ್ ಕೋಡನ್ನೇ ಓದಬೇಕಾಗುತ್ತದೆ.

ಸಿಯಲ್ಲಿ ಒಂದು ಸಾಲನ್ನೂ ಬರೆಯದೆ ಲೈಬ್ರರಿಯನ್ನು ಕರೆಯುವ ದಾರಿಗಳೂ ಇವೆ. ಪೈಥಾನ್‌ನಲ್ಲಿ 2006ರ 2.5ನೆಯ ಆವೃತ್ತಿಯಿಂದ ಇದಕ್ಕೆಂದೇ ಇರುವ ಸಿಟೈಪ್ಸ್ ಎಂಬ ಮಾಡ್ಯೂಲ್ ಜೊತೆಗೇ ಬರುತ್ತದೆ. ಅಲ್ಲಿಯೂ ತೆರೆದ ಸಂಪರ್ಕವನ್ನು ಮುಚ್ಚುವ ಹೊಣೆ ಬರೆಯುವವರದೇ.