ಆಡಿದ ಜೆರ್ಸಿಗೆ ಸೋಪು ಹಾಕಬೇಡಿ

ಕಲಬುರಗಿಯಲ್ಲಿ ತಂಡಗಳಿಗೆ ಜೆರ್ಸಿ ಹೊಲಿದು, ಪ್ರಿಂಟ್ ಮಾಡಿಕೊಡುವುದು ನನ್ನ ಕಸುಬು. ಹಾಕಿ ಆಟಗಾರರು ಮೈದಾನದಲ್ಲಿ ತೊಟ್ಟ ಜೆರ್ಸಿ ಕೂಡಿಡುವ ಹುಡುಗರೂ ಅಂಗಡಿಗೆ ಬರುತ್ತಾರೆ. "ಅಣ್ಣಾ, ಇದು ಅಸಲಿ ಅದ ಏನ್ ನೋಡ್ರಿ" ಅನ್ನುತ್ತಾರೆ. ಮಡಿಕೆ ಬಿಚ್ಚಿದರೆ ಸೋಪಿನ ವಾಸನೆ, ಇಸ್ತ್ರಿ ಗೆರೆ! ಕಲೆ, ಮಣ್ಣು, ಬೆವರಿನ ಗುರುತೇ ಅದರ ಸಾಕ್ಷಿ ಅಲ್ವಾ?

ಸವೆತಕ್ಕೂ ಒಂದು ಲೆಕ್ಕವಿದೆ. ಆಟಗಾರ ಟರ್ಫ್ ಮೇಲೆ ಬಿದ್ದು ಜಾರಿದಾಗ ಬಟ್ಟೆ ಉಜ್ಜುವುದು ಹೊಟ್ಟೆಯ ಕೆಳಗಿನ ಅಂಚಲ್ಲಿ, ಮೊಣಕೈ ಹತ್ತಿರ. ಎಳೆ ಎದ್ದಿದ್ದರೂ ಜಾರಿದ ದಿಕ್ಕಿಗೇ ಎದ್ದಿರುತ್ತದೆ. ನಕಲಿ ಮಾಡುವವರು ಮರಳು ಕಾಗದ ತಗೊಂಡು ಕಣ್ಣಿಗೆ ಬೀಳುವ ಕಡೆಯೆಲ್ಲ ಒಂದೇ ಸಮ ತಿಕ್ಕುತ್ತಾರೆ. ಗೋಲ್‌ಕೀಪರ್ ಜೆರ್ಸಿಯನ್ನು ಮಾತ್ರ ಒಳಗಿನಿಂದ ನೋಡಬೇಕು. ಅದನ್ನು ಎದೆಯ ಪ್ಯಾಡ್ ಮೇಲೆ ತೊಡುವುದರಿಂದ ಒಳಮೈ ಉಜ್ಜಿ ಗಂಟುಗಂಟಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕಂಚಿನ ನಂತರ ಭಾರತದ ಗೋಲ್‌ಕೀಪರ್ ಶ್ರೀಜೇಶ್ ನಿವೃತ್ತರಾದರು, ಹಾಕಿ ಇಂಡಿಯಾ ಅವರ 16ನೇ ನಂಬರನ್ನೂ ನಿವೃತ್ತಗೊಳಿಸಿತು, ಅಂದರೆ ಹಿರಿಯರ ತಂಡದಲ್ಲಿ ಅದನ್ನು ಇನ್ಯಾರಿಗೂ ಕೊಡುವುದಿಲ್ಲ. ಆ ನಂಬರಿನ ಜೆರ್ಸಿ ಯಾರಾದರೂ ಮಾರಲು ಬಂದರೆ ಮೊದಲು ಒಳಗು ಹೊರಗು ತಿರುಗಿಸಿ ನೋಡಿ.

ಪ್ರಿಂಟ್ ವಿಷಯ ನನ್ನ ಕ್ಷೇತ್ರ, ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸಬ್ಲಿಮೇಶನ್ ಅನ್ನುವ ಪ್ರಿಂಟ್ ವಿಧಾನದಲ್ಲಿ ಸುಮಾರು 200 ಡಿಗ್ರಿ ಶಾಖಕ್ಕೆ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೇ ಸೇರುತ್ತದೆ. ಅದು ಬಿರುಕು ಬಿಡುವುದಿಲ್ಲ. ಬಿರುಕು ಬಿಡುವುದು ಮೇಲೆ ಅಂಟಿಸಿದ ನಂಬರು. ಸಬ್ಲಿಮೇಶನ್ ಜೆರ್ಸಿ ತೋರಿಸಿ "ಆಡಿ ಆಡಿ ನಂಬರು ಒಡೆದಿದೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಪಂದ್ಯದ ಫೋಟೋ ಜೊತೆ ಹೋಲಿಸುವಾಗ ವಿನ್ಯಾಸ ನೋಡಬೇಡಿ, ಅದು ಎಲ್ಲ ಜೆರ್ಸಿಯಲ್ಲೂ ಒಂದೇ. ಪಕ್ಕದ ಹೊಲಿಗೆಯಲ್ಲಿ ಪಟ್ಟೆಗೆ ಪಟ್ಟೆ ಎಲ್ಲಿ ಕೂಡಿದೆ, ಅಂಟಿಸಿದ ನಂಬರಿನ ಅಂಚು ಜಾಳಿಗೆಯ ಯಾವ ತೂತಿನ ಮೇಲೆ ಬಂದಿದೆ ನೋಡಿ. ಹೊಲಿಯುವ ಕೈ ಪ್ರತಿ ಸಲ ಕೂದಲೆಳೆಯಷ್ಟಾದರೂ ಸರಿಯುತ್ತದೆ.

ಐಸ್ ಹಾಕಿಯಲ್ಲಿ ಈ ಹುಚ್ಚು ಇನ್ನೂ ದೊಡ್ಡದು. ಕೆನಡಾದ ಹೆಸರಾಂತ ಆಟಗಾರ ವೇಯ್ನ್ ಗ್ರೆಟ್ಸ್‌ಕಿ 1988ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ತೊಟ್ಟ ಜೆರ್ಸಿ 2022ರ ಹರಾಜಿನಲ್ಲಿ 14 ಲಕ್ಷ ಡಾಲರ್ ದಾಟಿತು. ಅಲ್ಲಿನ ಜೆರ್ಸಿಗೆ ಹಿಂಬದಿ ಒಳಗೆ ಒಂದು ಪಟ್ಟಿ ಇರುತ್ತದೆ. ಜಗಳದಲ್ಲಿ ಎದುರಾಳಿ ಜೆರ್ಸಿಯನ್ನು ತಲೆ ಮೇಲೆ ಎಳೆಯದಂತೆ ಅದನ್ನು ಪ್ಯಾಂಟಿಗೆ ಬಿಗಿಯುತ್ತಾರೆ. ಪಟ್ಟಿ ಇದೆ ಅಂತ ಸುಮ್ನೆ ನಂಬಬೇಡಿ, ಅಂಗಡಿಯ ದುಬಾರಿ ಜೆರ್ಸಿಗೂ ಹಾಕುತ್ತಾರೆ.

ತೊಳೆಯಬೇಡಿ ಅಂದೆ, ಹಸಿಯಾಗಿಯೇ ಇಡಿ ಅನ್ನಲಿಲ್ಲ. ನೆರಳಲ್ಲಿ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟರೆ ಅಂಟಿಸಿದ ನಂಬರುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಬಿಳಿ ಕಾಟನ್ ಬಟ್ಟೆಯಲ್ಲಿ ಸುತ್ತಿ, ಮಾಳಿಗೆ ಕೋಣೆ ಬಿಟ್ಟು ಕೆಳಗಿನ ಅಲಮಾರಿಯಲ್ಲಿಡಿ. ನುಸಿ ಗುಳಿಗೆ ಪಾಲಿಯೆಸ್ಟರಿಗೆ ಬೇಡ, ನುಸಿ ತಿನ್ನುವುದು ಉಣ್ಣೆಯನ್ನು.

ಹೊಸಬರು ಆನ್‌ಲೈನ್‌ನಲ್ಲಿ ದುಡ್ಡು ಸುರಿಯುವ ಬದಲು ಜಿಲ್ಲಾ, ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗಿ. ಆಟ ಮುಗಿದ ಮೇಲೆ ಆಟಗಾರರನ್ನೇ ಕೇಳಿ. ಕೊಟ್ಟರೆ, ಅವರು ಅದನ್ನು ತೊಟ್ಟಿರುವಾಗಲೇ ಹಿಂದೆ, ಮುಂದೆ, ಎರಡೂ ಪಕ್ಕ ಫೋಟೋ ತೆಗೆದುಕೊಳ್ಳಿ. ದಿನಾಂಕ, ಪಂದ್ಯದ ಹೆಸರು ಚೀಟಿಯಲ್ಲಿ ಬರೆದಿಡಿ, ಜೆರ್ಸಿ ಮೇಲಲ್ಲ.