ಬುಧವಾರ ಬರ್ತೀನಿ ಅಂದರೆ ಬರಬೇಕು

ಶಾಲೆ ಬಿಡುವ ಅಂಚಿನಲ್ಲಿರುವ ಮಕ್ಕಳಿಗೆ ನಾಯಕತ್ವ ತರಬೇತಿ ಕೊಡೋಣ ಅಂದ ಕೂಡಲೇ ನಮ್ಮ ಕಾಲೇಜು ಹುಡುಗರು ಮೈಕು, ಪಿಪಿಟಿ, ಕೊನೆಗೊಂದು ಸರ್ಟಿಫಿಕೇಟು ಅಂತ ಸಜ್ಜಾಗಿಬಿಡುತ್ತಾರೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಯಾಗಿ ನಾನೂ ಮೊದಲು ಹಾಗೇ ಹೊರಟವನು.

ಆ ವರ್ಷ ನಮ್ಮ ಹುಡುಗರಿಗೆ ಇಂಟರ್ನಲ್ಸ್ ಪರೀಕ್ಷೆ ಬಂತು. ಪ್ರತಿ ಬುಧವಾರ ಬರ್ತೀವಿ ಅಂತ ಮಾತು ಕೊಟ್ಟಿದ್ದ ಹೈಸ್ಕೂಲಿನ ಕಡೆ ಮೂರು ವಾರ ನಮ್ಮವರು ಯಾರೂ ತಲೆ ಹಾಕಲಿಲ್ಲ. ಮಕ್ಕಳು ಗೇಟಿನ ಹತ್ತಿರ ಕಾದು ಕಾದು ಹೋದರಂತೆ. ಹೇಳಿದ್ದು ಬಿಸಿಯೂಟದ ಅಕ್ಕ. ಮಾತು ಕೊಟ್ಟು ಮರೆಯುವ ದೊಡ್ಡವರು ಆ ಮಕ್ಕಳಿಗೆ ಹೊಸಬರಲ್ಲ, ಆ ಸಾಲಿಗೆ ನಾವೂ ಸೇರಿದೆವು. ಒಂದು ಮಗುವಿಗೆ ಒಬ್ಬ ದೊಡ್ಡವರನ್ನು ಜೊತೆ ಮಾಡುವ ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಜೋಡಿಗಳ ಬಗ್ಗೆ 2002ರಲ್ಲಿ ಬಂದ ಅಧ್ಯಯನವೂ ಇದನ್ನೇ ಕಂಡಿತ್ತು: ವರ್ಷ ದಾಟಿದ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಲಾಭ, ಮೂರು ತಿಂಗಳೊಳಗೆ ಮುರಿದವುಗಳಲ್ಲಿ ಮಕ್ಕಳಿಗೆ ತಮ್ಮ ಮೇಲಿದ್ದ ಗೌರವವೇ ಕುಸಿದಿತ್ತು.

ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ. ವಾರಕ್ಕೆರಡು ಗಂಟೆಯಂತೆ 30 ವಾರ ಹೋದರೂ ಖರ್ಚಾಗುವುದು ಅರ್ಧವೇ. ಈಗ ಪ್ರತಿ ಮಗುವಿಗೂ ಬೇರೆ ಬೇರೆ ವಿಭಾಗದ ಇಬ್ಬರನ್ನು ಹಾಕುತ್ತೇನೆ. ಒಬ್ಬರಿಗೆ ಪರೀಕ್ಷೆಯಿದ್ದರೆ ಇನ್ನೊಬ್ಬರು ಹೋಗುತ್ತಾರೆ.

ಎಂಟನೇ ಕ್ಲಾಸಿನ ಒಬ್ಬ ಹುಡುಗ ಸೋಮವಾರ ಬರುತ್ತಲೇ ಇರಲಿಲ್ಲ. ಅವತ್ತು ಸಂತೆ, ಅಮ್ಮನ ತರಕಾರಿ ಇಳಿಸಬೇಕು. ನಮ್ಮ ಬಿಕಾಂ ಹುಡುಗಿ ಉಪದೇಶಕ್ಕೆ ಹೋಗಲಿಲ್ಲ. ಆಟದ ಸಾಮಾನಿನ ಬೀರುವಿನ ಕೀಲಿ, ರಿಜಿಸ್ಟರು ಎರಡನ್ನೂ ಅವನ ಕೈಗೆ ಕೊಡಿಸಿದಳು. ಪಿಟಿ ಮೇಷ್ಟ್ರನ್ನು ಒಪ್ಪಿಸಲಿಕ್ಕೇ ಎರಡು ವಾರ ಹಿಡಿಯಿತು, 'ಇವನ ಕೈಗಾ?' ಅಂದಿದ್ದರು. ಹುಡುಗ ಸ್ಕೇಲಿಟ್ಟು ಗೆರೆ ಎಳೆದು ಹೊಸ ಕಾಲಂ ಮಾಡಿದ: 'ಗಾಳಿ ಇದೆಯಾ?' ವಾಲಿಬಾಲ್ ಒಯ್ಯುವವರು ಒತ್ತಿ ನೋಡಿ ಸಹಿ ಹಾಕಬೇಕು, ಹತ್ತನೇ ಕ್ಲಾಸಿನವರೂ. ನಾನು ನಾಯಕತ್ವ ಅನ್ನುವುದು ಇದನ್ನು. ಭಾಷಣ ಆಮೇಲೆ ಬೇಕಾದರೆ ಬರಲಿ. ಸೋಮವಾರ ಈಗ ಊಟದ ಬೆಲ್ಲಿನ ಹೊತ್ತಿಗೆ ಬರುತ್ತಾನೆ. ಬೆಳಗಿನ ಹಾಜರಿ ಇನ್ನೂ ಇಲ್ಲ.

ಸ್ವಯಂಸೇವಕರಿಗೆ ಮೊದಲ ದಿನವೇ ಒಂದು ಮಾತು ಹೇಳಿರುತ್ತೇನೆ: 'ಯಾರಿಗೂ ಹೇಳಲ್ಲ' ಅಂತ ಮಗುವಿಗೆ ಆಣೆ ಇಡಬೇಡಿ. ಮದುವೆಯ ಮಾತು, ಮನೆಯಲ್ಲಿ ಹೊಡೆತ, ಇನ್ನೂ ಕೆಟ್ಟದ್ದು ಕಿವಿಗೆ ಬಿದ್ದರೆ ಅದೇ ದಿನ ನನಗೂ ಹೆಡ್‌ಮಾಸ್ಟರಿಗೂ ತಿಳಿಸಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಬೇಕು. ಇಪ್ಪತ್ತರ ಹುಡುಗಿ ಅದನ್ನು ಒಬ್ಬಳೇ ಹೊರಲಾರಳು.

ಮೊನ್ನೆ ಆ ರಿಜಿಸ್ಟರು ತಿರುವಿದೆ. ಕೊನೆಯ ಹಾಳೆಯಲ್ಲಿ ಹುಡುಗ ನಮ್ಮವರು ಬಂದ ಬುಧವಾರಗಳಿಗೂ ಟಿಕ್ ಹಾಕಿಟ್ಟಿದ್ದ. ಜನವರಿಯಲ್ಲಿ ಒಂದು ಖಾಲಿ.