ಬಳ್ಳಾರಿ ನೀರಿಗೆ ಯಾವ ಮೀನು?

ಅಕ್ಕನ ಮಗ ದಿನಾ ಮೀನು ಎಣಿಸುತ್ತಿದ್ದ. ಭಾನುವಾರ ತಂದಾಗ ನಿಯಾನ್ ಟೆಟ್ರಾ ಆರು. ಬುಧವಾರ ಬೆಳಿಗ್ಗೆ ಐದು. ಶನಿವಾರ ಮೂರು. ಸತ್ತು ತೇಲಿದ್ದು ಒಂದೂ ಇಲ್ಲ. ಟ್ಯಾಂಕಿನ ಮುಚ್ಚಳ ಹಾಕಿಯೇ ಇತ್ತು, ಬೆಕ್ಕಿನ ಕಾಟವೂ ಇಲ್ಲ. "ಮಾಮ, ಇವು ಎಲ್ಲಿಗೆ ಹೋದ್ವು?" ಅಂತ ಕೇಳಿದ. ನಾನು ಟಾರ್ಚ್ ಹಿಡಿದು ಕಲ್ಲಿನ ಸಂದಿಯೆಲ್ಲ ಹುಡುಕಿದೆ. ಕಳ್ಳ ಕಣ್ಣೆದುರಿಗೇ ಇದ್ದ. ಅಂಗೈಯಷ್ಟು ಅಗಲದ ಏಂಜೆಲ್ ಮೀನು, ಊರ ಗೌಡರ ಗತ್ತಿನಲ್ಲಿ ನಿಧಾನಕ್ಕೆ ಸುತ್ತು ಹೊಡೆಯುತ್ತಿತ್ತು.

ಅಂಗಡಿಯವನು "ಎಲ್ಲಾ ಹೊಂದ್ಕೊಂತಾವ್ ಸಾರ್" ಅಂದಿದ್ದ. ನಾವು ತಂದದ್ದು ಎರಡು ಗೋಲ್ಡ್‌ಫಿಶ್, ಒಂದು ಏಂಜೆಲ್, ಆರು ನಿಯಾನ್, ಎರಡು ಟೈಗರ್ ಬಾರ್ಬ್. ಗಾಜಿನ ಪಾಚಿ ತಿನ್ನುತ್ತದೆ ಅಂತ ಒಂದು ಸಕ್ಕರ್ ಕೂಡ. ಇಷ್ಟೂ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕಿಗೆ. ಲೆಕ್ಕಕ್ಕೆ ಅದು 56 ಲೀಟರ್. ಕಲ್ಲು, ಮರಳು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ಉಳಿಯುವುದು 50 ಲೀಟರಿನೊಳಗೆ. ಹೊಂದಿಕೊಳ್ಳುವುದು ಅಂದರೆ ಜಗಳ ಆಡದೆ ಇರುವುದು ಅಂತ ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ. ಜಗಳದ ಮಾತು ಆಮೇಲೆ. ಮೊದಲು ಮೀನು ನಮ್ಮೂರಿನ ನೀರಿಗೆ ಹೊಂದಬೇಕು. ಅದಾದ ಮೇಲೆ ನಮ್ಮೂರಿನ ಮೇ ತಿಂಗಳಿಗೆ.

ನಮ್ಮ ಮನೆಯಲ್ಲಿ ನೀರು ಎರಡು ಥರ. ನಲ್ಲಿ ನೀರು ತುಂಗಭದ್ರೆಯದು. ಕಾಲುವೆಯಲ್ಲಿ ಹರಿದು, ಅಲ್ಲೀಪುರ ಕೆರೆಯಲ್ಲಿ ನಿಂತು, ಆಮೇಲೆ ನಮ್ಮ ಓಣಿಗೆ ಬರುತ್ತದೆ, ಎಂಟು ದಿನಕ್ಕೊಮ್ಮೆ. ಉಳಿದ ದಿನ ಬೋರ್ ನೀರು. ಅದು ಸವಳು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಕೆಟ್ ಒಣಗಿದರೆ ಬಿಳಿ ಗೆರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವುದರಿಂದ ಹೀಗೆ. ಇದಕ್ಕೇ ಗಡಸು ನೀರು ಅನ್ನುವುದು, ಅವು ಕಡಿಮೆ ಇದ್ದರೆ ಮೆದು ನೀರು. ಮೀನಿಗೆ ಇದರಿಂದ ಏನಾಗುತ್ತದೆ?

ಉಪ್ಪು ಸವರಿದ ಮಾವಿನಕಾಯಿ ಹೋಳು ನೀರು ಬಿಡುತ್ತದೆ. ನೀರಲ್ಲಿ ನೆನೆಹಾಕಿದ ಒಣದ್ರಾಕ್ಷಿ ಉಬ್ಬುತ್ತದೆ. ತೆಳು ಪೊರೆ ದಾಟಿ ನೀರು ಯಾವಾಗಲೂ ಉಪ್ಪು, ಸಕ್ಕರೆ ಜಾಸ್ತಿ ಇರುವ ಕಡೆಗೆ ಹೋಗುತ್ತದೆ. ಸಿಹಿನೀರಿನ ಮೀನು ಒಂದು ಥರದ ಒಣದ್ರಾಕ್ಷಿ. ಅದರ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಉಪ್ಪಿನಂಶ ಹೆಚ್ಚು. ಹಾಗಾಗಿ ಕಿವಿರುಗಳ ಮೂಲಕ ಹಗಲೂ ರಾತ್ರಿ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ. ಅದಕ್ಕೆ ಬಾಯಾರಿಕೆಯ ಪ್ರಶ್ನೆಯೇ ಇಲ್ಲ, ಮೂತ್ರ ಮಾಡುವುದೇ ಕೆಲಸ. ಆ ಮೂತ್ರದ ಜೊತೆ ಸೋರಿ ಹೋಗುವ ಲವಣವನ್ನು ಕಿವಿರು ಮತ್ತೆ ನೀರಿನಿಂದ ಎಳೆದುಕೊಳ್ಳುತ್ತದೆ. ಈ ಪಂಪು ಯಾವ ನೀರಿಗೆ ಹೊಂದಿಸಿದ್ದು ಎನ್ನುವುದು ಆ ಮೀನಿನ ತವರಿನ ಮೇಲೆ ಹೋಗುತ್ತದೆ.

ನಿಯಾನ್ ಟೆಟ್ರಾದ ತವರು ಅಮೆಜಾನ್ ಕಡೆಯ ಹಳ್ಳಗಳು. ಅಲ್ಲಿನ ನೀರು ಬಹಳ ಮೆದು, ಎಲೆ ಕೊಳೆತು ಸ್ವಲ್ಪ ಹುಳಿ. ಈಗ ಅಂಗಡಿಗೆ ಬರುವ ನಿಯಾನ್ ಬಹುಪಾಲು ಸಾಕಿದವು, ಸ್ವಲ್ಪ ಗಡಸು ನೀರನ್ನೂ ತಡೆಯುತ್ತವೆ, ನಿಜ. ಆದರೆ ಪ್ಲಾಸ್ಟಿಕ್ ಚೀಲದಿಂದ ಸೀದಾ ಸವಳು ನೀರಿಗೆ ಸುರಿದರೆ? ನಾನು ಮಾಡಿದ್ದು ಅದನ್ನೇ. ಏಂಜೆಲ್ ತಿನ್ನದೆ ಬಿಟ್ಟಿದ್ದ ಮೂರು ನಿಯಾನ್ ಮುಂದಿನ ವಾರ ತಾವಾಗಿಯೇ ಸತ್ತವು. ಚೀಲವನ್ನು ಟ್ಯಾಂಕಿನಲ್ಲಿ ತೇಲಬಿಟ್ಟು, ಹತ್ತು ನಿಮಿಷಕ್ಕೊಂದು ಲೋಟದಂತೆ ಒಂದು ಗಂಟೆ ಟ್ಯಾಂಕಿನ ನೀರು ಬೆರೆಸಬೇಕಿತ್ತು.

ಗಪ್ಪಿ, ಮೊಲ್ಲಿ, ಪ್ಲಾಟಿಗಳ ಕಥೆ ಬೇರೆ. ಇವಕ್ಕೆ ಗಡಸು ನೀರೇ ಇಷ್ಟ. ಗಪ್ಪಿ ನಮ್ಮ ಜಿಲ್ಲೆಗಳಿಗೆ ಹೊಸದೂ ಅಲ್ಲ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವುದು ಇದನ್ನೇ. 1866ರಲ್ಲಿ ಟ್ರಿನಿಡಾಡ್‌ನಿಂದ ರಾಬರ್ಟ್ ಜಾನ್ ಲೆಚ್ಮೀರ್ ಗಪ್ಪಿ ಎನ್ನುವವರು ಇದನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದ್ದರು. ಹೆಸರು ಬಂದದ್ದು ಅವರಿಂದ. ಬಣ್ಣದ ಬಾಲದ ಗಪ್ಪಿಯನ್ನು ಅಂಗಡಿಯಲ್ಲಿ ಕೀಳಾಗಿ ನೋಡುವವರಿದ್ದಾರೆ. ಬಳ್ಳಾರಿಯ ಬೋರ್ ನೀರಿಗೆ ಅದಕ್ಕಿಂತ ಒಳ್ಳೆಯ ಮೀನು ಇಲ್ಲ ಅಂತ ನನ್ನ ಅಭಿಪ್ರಾಯ.

ಸವಳು ನೀರಿನ ಇನ್ನೊಂದು ತಂಟೆ ಅಮೋನಿಯಾ. ಮೀನಿನ ಉಸಿರಿನಲ್ಲಿ, ಹಿಕ್ಕೆಯಲ್ಲಿ, ಕೊಳೆತ ಆಹಾರದಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಅಮೋನಿಯಂ ಆಗಿದ್ದರೆ ಅಷ್ಟು ಅಪಾಯ ಇಲ್ಲ. ಅಮೋನಿಯಾ ಆಗಿದ್ದರೆ ವಿಷ. 25 ಡಿಗ್ರಿ ನೀರಿನಲ್ಲಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7 ಇದ್ದರೆ ಸುಮಾರು 200ರಲ್ಲಿ ಒಂದು ಪಾಲು ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ 20ರಲ್ಲಿ ಒಂದು ಪಾಲು. ಹೆಚ್ಚುಕಡಿಮೆ ಹತ್ತು ಪಟ್ಟು! ನೀರು ಬಿಸಿಯಾದಷ್ಟೂ ಅದು ಇನ್ನೂ ಏರುತ್ತದೆ. ಸವಳು ನೀರಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲೆ. ಬೇರೆ ಊರಿನ ಮೆದು ನೀರಿನಲ್ಲಿ ಬದುಕಿಕೊಳ್ಳುವಷ್ಟು ಮೀನುಗಳು ನಮ್ಮಲ್ಲಿ ಅದೇ ಅಳತೆಯ ಟ್ಯಾಂಕಿನಲ್ಲಿ ಒದ್ದಾಡುವುದು ಇದಕ್ಕೇ.

ಈ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾಗಳಿವೆ. ಫಿಲ್ಟರಿನ ಸ್ಪಂಜು, ಮರಳು, ಕಲ್ಲಿನ ಮೇಲೆ ಅವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಎರಡು ಮೂರು ಗಟ್ಟಿ ಮೀನು ಸಾಕು. ನಾನು ಮೊದಲ ದಿನವೇ ಹನ್ನೆರಡು ಬಿಟ್ಟಿದ್ದೆ, ಅದರಲ್ಲಿ ಎರಡು ಗೋಲ್ಡ್‌ಫಿಶ್. ಗೋಲ್ಡ್‌ಫಿಶ್ ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ, ಬೆಳೆಯುವುದೂ ಒಂದು ಗೇಣು. ಮೇಲಾಗಿ ಅದು ತಣ್ಣೀರಿನ ಮೀನು. ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಇಡುವುದನ್ನು ಸಿನಿಮಾದವರು ನಮಗೆ ಯಾಕೆ ಕಲಿಸಿದರೋ!

ತಣ್ಣೀರು ಅಂದೆನಲ್ಲ, ಈಗ ಬೇಸಿಗೆಗೆ ಬರೋಣ. ಏಪ್ರಿಲ್, ಮೇ ಬಂದರೆ ಬಳ್ಳಾರಿ, ರಾಯಚೂರು ಕಡೆ 40 ಡಿಗ್ರಿ ದಾಟುವುದು ಮಾಮೂಲಿ. ಮನೆಯೊಳಗಿನ ಟ್ಯಾಂಕು ನೆರಳಿನಲ್ಲಿದ್ದರೂ ನಮ್ಮದು 33ಕ್ಕೆ ಹೋಗಿತ್ತು. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುತ್ತದೆ, 30ರಲ್ಲಿ ಏಳೂವರೆ. ಅದೇ ಹೊತ್ತಿಗೆ ಮೀನಿನ ಮೈಯೊಳಗಿನ ಕೆಲಸ ಜೋರಾಗಿ ಅದಕ್ಕೆ ಇನ್ನೂ ಹೆಚ್ಚು ಆಮ್ಲಜನಕ ಬೇಕು. ಪಗಾರ ಕಡಿಮೆಯಾದ ತಿಂಗಳೇ ಮನೆಗೆ ನೆಂಟರು ಬಂದ ಹಾಗೆ. ಅಷ್ಟರಲ್ಲಿ ಕರೆಂಟು ಹೋಗಿ ಗಾಳಿ ಪಂಪು ನಿಂತರೆ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ.

ಒಂದು ಉಪಾಯ ನಮ್ಮ ಗಡಿಗೆಯಲ್ಲೇ ಇದೆ. ಗಡಿಗೆಯ ಮೈಯಿಂದ ನೀರು ಆವಿಯಾಗುತ್ತ ಒಳಗಿನ ನೀರಿನ ಶಾಖ ಹೊತ್ತೊಯ್ಯುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಬಲೆ ಹಾಸಿ, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಬೀಸುವಂತೆ ಇಟ್ಟರೆ ಅದೇ ಕೆಲಸ ಆಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಹೋಗುವ ಶಾಖ, 50 ಲೀಟರ್ ನೀರನ್ನು 10 ಡಿಗ್ರಿಗೂ ಹೆಚ್ಚು ಇಳಿಸುವಷ್ಟು. ಕೋಣೆಯ ಸೆಕೆ ಮತ್ತೆ ಒಳಗೆ ಸೇರುವುದರಿಂದ ಕೈಗೆ ಸಿಗುವುದು ಮೂರು ನಾಲ್ಕು ಡಿಗ್ರಿ ಅಷ್ಟೇ. ಅಷ್ಟು ಸಾಕು. ಕರಾವಳಿಯ ತೇವದ ಗಾಳಿಯಲ್ಲಿ ಇದು ಇಷ್ಟು ಚೆನ್ನಾಗಿ ನಡೆಯುವುದಿಲ್ಲ, ನಮ್ಮ ಒಣ ಬಿಸಿಲಿಗೆ ನಡೆಯುತ್ತದೆ. ನೀರು ಹೋದರೂ ಸವಳು ಒಳಗೇ ಉಳಿಯುತ್ತದೆ, ನೆನಪಿರಲಿ. ಕಡಿಮೆಯಾದಷ್ಟನ್ನು ಬೋರ್ ನೀರಿನಿಂದ ತುಂಬಿದರೆ ದಿನೇ ದಿನೇ ಗಡಸು ಏರುತ್ತದೆ. ಕ್ಯಾನಿನ ಫಿಲ್ಟರ್ ನೀರೋ ಮಳೆ ನೀರೋ ಹಾಕಬೇಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು ಹಾಕಿ.

ಗೌರಾಮಿ, ಫೈಟರ್ ಮೀನುಗಳಿಗೆ ಆಮ್ಲಜನಕದ ಈ ಕಷ್ಟ ಕಡಿಮೆ. ಕಿವಿರಿನ ಮೇಲೆ ಗಾಳಿ ಹಿಡಿಯುವ ಒಂದು ಅಂಗ ಇದೆ, ಮೇಲೆ ಬಂದು ಗುಟುಕು ಗಾಳಿ ನುಂಗಿ ಹೋಗುತ್ತವೆ. ಆದರೆ ಫೈಟರ್ ಗಂಡನ್ನು ಉದ್ದ ಬಾಲದ ಗಪ್ಪಿ ಜೊತೆ ಬಿಡಬೇಡಿ. ಆ ಬಾಲ ಕಂಡು ಇನ್ನೊಂದು ಫೈಟರ್ ಅಂದುಕೊಂಡು ಮೈಮೇಲೆ ಹೋಗುವುದುಂಟು.

ಅಂತೂ ಜಗಳದ ವಿಷಯಕ್ಕೆ ಬಂದೆವು. ಬಾಯಲ್ಲಿ ಹಿಡಿಸುವ ಮೀನು ಊಟ, ಹಿಡಿಸದ್ದು ನೆರೆಮನೆ. ಏಂಜೆಲ್ ಪ್ರಕರಣ ಅಲ್ಲಿಗೆ ಮುಗಿಯಿತು. ಟೈಗರ್ ಬಾರ್ಬ್‌ನದು ಹೆಚ್ಚು ಸ್ವಾರಸ್ಯ. ಅದು ಗುಂಪಿನ ಮೀನು. ಎಂಟು ಹತ್ತು ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಸಿಕೊಂಡು, ಯಾರು ಮೇಲು ಯಾರು ಕೆಳಗು ಅಂತ ತೀರ್ಮಾನ ಮಾಡಿಕೊಳ್ಳುತ್ತಾ ಇರುತ್ತವೆ. ಎರಡೇ ಇದ್ದರೆ ಆ ಕಸುವೆಲ್ಲ ಬೇರೆಯವರ ಬಾಲದ ಮೇಲೆ. ನಮ್ಮ ಗೋಲ್ಡ್‌ಫಿಶ್ ಬಾಲ ಹರಿದ ಪಂಚೆಯಂತೆ ಆಗಿತ್ತು. ಎರಡೇ ತಂದರೆ ಗಲಾಟೆ ಕಡಿಮೆ ಅಂತ ನಾನು ಲೆಕ್ಕ ಹಾಕಿದ್ದೆ, ಆದದ್ದು ಉಲ್ಟಾ. ಸಕ್ಕರ್ ಒಂದು ಅಡಿಗೂ ಮೀರಿ ಬೆಳೆಯುತ್ತದೆ. ದೊಡ್ಡದಾಯಿತು ಅಂತ ಜನ ಕೆರೆ ಕಾಲುವೆಗೆ ಬಿಟ್ಟು, ದಕ್ಷಿಣ ಅಮೆರಿಕದ ಈ ಮೀನು ಭಾರತದ ಎಷ್ಟೋ ಕೆರೆ ನದಿಗಳಲ್ಲಿ ಈಗ ಮೀನುಗಾರರ ಬಲೆ ಹರಿಯುತ್ತಿದೆ.

ಎರಡನೇ ಸಲ ನಾನು ಆರಿಸಿದ್ದು ಜೀಬ್ರಾ ಮೀನು, ಆರು. ಬೆರಳುದ್ದವೂ ಇಲ್ಲ, ನೀಲಿ ಪಟ್ಟೆ, ಅಂಗಡಿಯಲ್ಲಿ ಬಹಳ ಅಗ್ಗ. ನಮ್ಮ ದೇಶದ್ದೇ. 1822ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ ಫ್ರಾನ್ಸಿಸ್ ಹ್ಯಾಮಿಲ್ಟನ್, ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆ ಸುತ್ತಿದ ಬುಕಾನನ್ ಅವರೇ. ಹೊಲದ ಬದಿಯ ಹಳ್ಳ, ಗುಂಡಿಗಳಲ್ಲಿ ಇರುವ ಮೀನಾದ್ದರಿಂದ ಚಳಿಗಾಲದ ತಣ್ಣೀರು, ಬೇಸಿಗೆಯ ಬಿಸಿನೀರು ಎರಡನ್ನೂ ಕಂಡಿದೆ. ಜಗತ್ತಿನ ಲ್ಯಾಬುಗಳಲ್ಲೆಲ್ಲ ಇದೇ ಇದೆ. 2013ರಲ್ಲಿ ಇದರ ಜೀನೋಮ್ ಓದಿದಾಗ ಮನುಷ್ಯನ ಜೀನ್‌ಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಇದರಲ್ಲಿ ಜೋಡಿ ಸಿಕ್ಕಿತು. ಅವು ಮೇಲಿನ ನೀರಿನಲ್ಲಿ ಓಡಾಡುತ್ತವೆ. ನಡುವಿಗೆ ಮೂರು ಪ್ಲಾಟಿ, ಒಂದು ಗಂಡಿಗೆ ಎರಡು ಹೆಣ್ಣು. ಹೆಣ್ಣು ಒಂದೇ ಇದ್ದರೆ ಗಂಡು ಅದರ ಬೆನ್ನು ಬಿಡುವುದಿಲ್ಲ. ತಳಕ್ಕೆ ಬಸವನಹುಳು ಮಾತ್ರ, ಚಿಪ್ಪಿಗೆ ಬೇಕಾದ ಸುಣ್ಣ ನಮ್ಮ ನೀರಿನಲ್ಲಿ ಬೇಕಾದಷ್ಟಿದೆ. ಅಲಂಕಾರಕ್ಕೆ ಬಳ್ಳಾರಿ ಗುಡ್ಡದ ಥರದ ಗಟ್ಟಿ ಕಲ್ಲು. ಅಮೃತಶಿಲೆ ಚೂರು ಹಾಕಿದರೆ ಅದು ಕರಗಿ ಗಡಸು ಇನ್ನೂ ಏರುತ್ತದೆ. ನಿಂಬೆ ರಸ ಹಿಂಡಿದಾಗ ನೊರೆ ಬಂದ ಕಲ್ಲು ಬೇಡ.

ಅಕ್ಕನ ಮಗ ಈಗಲೂ ಎಣಿಸುತ್ತಾನೆ. ಈ ಸಲ ಲೆಕ್ಕ ಮೇಲಕ್ಕೆ ಹೋಗುತ್ತಿದೆ, ಪ್ಲಾಟಿ ಮರಿ ಹಾಕಿದೆ. ಮೊನ್ನೆ ಹತ್ತೊಂಬತ್ತು ಅಂದ, ನಿನ್ನೆ ಹದಿನಾಲ್ಕು. "ಮಾಮ, ಏಂಜೆಲ್ ಇಲ್ವಲ್ಲ, ಇನ್ಯಾರು ತಿಂದ್ರು?" ಅಂತ ಕೇಳಿದ. ಅವುಗಳ ಅಮ್ಮನೇ ಅಂತ ಹೇಳಲು ಬಾಯಿ ಬರಲಿಲ್ಲ. ಮರಿ ಅಡಗಲಿ ಅಂತ ಇಬ್ಬರೂ ಕೂಡಿ ಒಂದು ಹಿಡಿ ಪಾಚಿ ಗಿಡ ತಂದು ಹಾಕಿದೆವು.